ನಡುನೀರಿನ ಗಡಿ

ಮಂತ್ರಾಲಯದ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತರೆ ಕಾಲು ಆಂಧ್ರದಲ್ಲಿ, ಕಣ್ಣು ರಾಯಚೂರು ಜಿಲ್ಲೆಯಲ್ಲಿ. ನಡುವೆ ಎಲ್ಲೋ ಗಡಿ ಇದೆಯಂತೆ. ಯಾರೋ ತೇಲಿಬಿಟ್ಟ ಚೆಂಡುಹೂವೊಂದು ಅತ್ತ ಹೋಗಿ, ಸುಳಿಗೆ ಸಿಕ್ಕು ಇತ್ತ ಬಂದು, ಮತ್ತೆ ಅತ್ತ ಹೋಯಿತು. ಎಷ್ಟು ಸಲ ರಾಜ್ಯ ಬದಲಿಸಿತೋ ಅದಕ್ಕೇ ಗೊತ್ತಿಲ್ಲ.

ಕೂಡ್ಲಿಯಿಂದ ಸಂಗಮೇಶ್ವರದವರೆಗೆ 531 ಕಿ.ಮೀ. ಹರಿಯುವ ತುಂಗಭದ್ರೆಗೆ ಗಡಿ ಕಾಯುವ ಕೆಲಸ ಹಳೆಯದು. ಇವಳಿಗೂ ಕೃಷ್ಣೆಗೂ ನಡುವಿನ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಗಳೂ ಹೊಡೆದಾಡಿದರು. ಆಮೇಲೆ ಎಡದಂಡೆ ನಿಜಾಮನದು, ಬಲದಂಡೆ ಮದ್ರಾಸಿನದು. 1945ರಲ್ಲಿ ಹೊಸಪೇಟೆಯ ಅಣೆಕಟ್ಟೆಗೆ ಎರಡು ಕಡೆಯಿಂದ ಎರಡು ಸರ್ಕಾರಗಳು ಶಂಕುಸ್ಥಾಪನೆ ಮಾಡಿದವು. 1953ರಲ್ಲಿ ನೀರು ನಿಲ್ಲುವ ಹೊತ್ತಿಗೆ ನಿಜಾಮನ ಆಳ್ವಿಕೆಯೇ ಮುಗಿದಿತ್ತು.

ಗಡಿ ಎಲ್ಲಿದೆ ಎಂದು ಮಾನ್ವಿ ಕಡೆಯ ನನ್ನ ಗೆಳೆಯನನ್ನು ಕೇಳಿದರೆ ಆಂಧ್ರದತ್ತ ಕೈ ತೋರಿಸುವುದಿಲ್ಲ, ಕಾಲುವೆಯ ಮೇಲ್ಗಡೆ ತೋರಿಸುತ್ತಾನೆ. ಎಡದಂಡೆ ಕಾಲುವೆ 226 ಕಿ.ಮೀ. ಉದ್ದ. ಯೋಜನೆ ಮಾಡಿದವರ ಲೆಕ್ಕದಲ್ಲಿ ಅದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾಕ್ಕೆ, ಅಂದರೆ ಕಡಿಮೆ ನೀರಿನ ಬೆಳೆಗೆ. ಆದರೆ ಆಂಧ್ರದ ಕರಾವಳಿಯಿಂದ ಬಂದವರು ಕ್ಯಾಂಪು ಕಟ್ಟಿಕೊಂಡು ಭತ್ತ ನೆಟ್ಟರು. ಅದನ್ನು ನೋಡಿ ನಮ್ಮವರೂ ನೆಟ್ಟರು. ಗಂಗಾವತಿ, ಸಿಂಧನೂರು ಅಕ್ಕಿಗಿರಣಿಯ ಊರುಗಳಾದವು. ನಮ್ಮನೆಯ ಸೋನಾ ಮಸೂರಿ ಚೀಲದ ಮೇಲೂ ಅಲ್ಲಿಯದೇ ಹೆಸರು, ಹಾಗಾಗಿ ಭತ್ತವನ್ನು ಬೈಯಲು ನನಗೆ ಬಾಯಿಲ್ಲ. ಗೆಳೆಯನಿಗಿದೆ. ಅವನು ಕಾಲುವೆಯ ಕೊನೆಯ ತುದಿಯವ, ಟೇಲ್‌ಎಂಡ್‌ನವ. "ಮ್ಯಾಲಿನವ್ರು ಭತ್ತ ಹಚ್ತಾರ, ನಮಗ ಗೇಜ್ ನೋಡೋದೊಂದ ಕೆಲಸ" ಅನ್ನುತ್ತಾನೆ. ಗೇಜ್ ಅಂದರೆ ಕಾಲುವೆಯ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ.

ಹಂಚಿಕೊಳ್ಳುವ ನೀರೂ ವರ್ಷ ವರ್ಷ ಕರಗುತ್ತಿದೆ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ಕೂತು ಈಗ 105ರ ಆಸುಪಾಸು. ಸಾಲದ್ದಕ್ಕೆ 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ ಇಳಿಸಿ ತಡೆಯುವಷ್ಟರಲ್ಲಿ ಸುಮಾರು ಒಂದು ವಾರ. ಆ ವಾರ ಮೂರು ರಾಜ್ಯಗಳ ರೈತರೂ ಒಂದೇ ಟಿವಿ ದೃಶ್ಯ ನೋಡುತ್ತ ಕೂತಿದ್ದರು.

ನಾನೂ ಗಾಬರಿಯಾಗಿ ಗೆಳೆಯನಿಗೆ ಫೋನು ಮಾಡಿದೆ.

"ನೀರು ನಮ್ಮ ಊರ ಮುಂದನ ಹೋತು ಬಿಡ್ರಿ, ನದ್ಯಾಗ," ಅಂದ. "ಕಾಲುವಿಗೆ ಬರಲಿಲ್ಲ, ಅಷ್ಟ."