ಡಿಸ್ಕ್ ಓದಿದರೆ ಸಾಲದು, ಒಮ್ಮೆ ಎಬ್ಬಿಸಿ ನೋಡಬೇಕು

ನಮ್ಮ ಡಿಜಿಟಲ್ ಫೊರೆನ್ಸಿಕ್ ಕೆಲಸದಲ್ಲಿ ಒಂದು ಹಳೇ ಜಗಳ ಇದೆ. ತಪಾಸಣೆಗೆ ಬಂದ ಕಂಪ್ಯೂಟರ್‌ನ ಡಿಸ್ಕ್ ಇಮೇಜನ್ನು (ಡಿಸ್ಕ್‌ನ ಪಡಿಯಚ್ಚು ನಕಲನ್ನು) ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್‌ನಲ್ಲಿ) ಬೂಟ್ ಮಾಡಿ, ಅಂದರೆ ಎಬ್ಬಿಸಿ, ನೋಡಬೇಕೋ, ಬೇಡವೋ? "ಅದೆಲ್ಲ ಶೋಕಿ ಕಣಯ್ಯ, ಕೋರ್ಟಿನಲ್ಲಿ ವಾಲ್‌ಪೇಪರ್ ತೋರಿಸೋಕೆ ಸರಿ" ಎನ್ನುವವರ ಹತ್ತಿರವೇ ನಾನು ಕೆಲಸ ಕಲಿತದ್ದು. ಸುಮಾರು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಅಡಿಕೆ ವ್ಯಾಪಾರದ ಕಂಪ್ಯೂಟರ್ ಬಂದು ನನ್ನ ಅಹಂಕಾರ ಇಳಿಸಿತು.

ಪಾಲುದಾರರ ತಕರಾರು. ವಿಂಡೋಸ್ 7 ಇದ್ದ ಹಳೇ ಡೆಸ್ಕ್‌ಟಾಪ್. ಲೆಕ್ಕಕ್ಕೆ ಯಾವುದೋ ಕಾಲದಲ್ಲಿ ಊರಿನ ಹುಡುಗನೊಬ್ಬ ವಿಷುಯಲ್ ಬೇಸಿಕ್‌ನಲ್ಲಿ ಬರೆದುಕೊಟ್ಟ ಪ್ರೋಗ್ರಾಂ, ಹಿಂದೆ ಆಕ್ಸೆಸ್ ಡೇಟಾಬೇಸ್. ಇಂಥವು ನಮ್ಮ ಕಡೆ ಎಷ್ಟು ಮಂಡಿಗಳಲ್ಲಿ ಇನ್ನೂ ಓಡುತ್ತಿವೆಯೋ! ಇಮೇಜ್ ತೆಗೆದೆ, ಟೂಲ್‌ಗೆ ಹಾಕಿದೆ, 'ಅಡಿಕೆ' ಅಂತ ಹುಡುಕಿದೆ. ಸೊನ್ನೆ. ಅಡಿಕೆ ವ್ಯಾಪಾರಿಯ ಕಂಪ್ಯೂಟರ್‌ನಲ್ಲಿ ಅಡಿಕೆಯೇ ಇಲ್ಲ!

ಕಾರಣ ನಿಮಗೆ ಹೊಳೆದಿರಬಹುದು. ನುಡಿ. ಕನ್ನಡಕ್ಕೂ ತನ್ನದೇ ಕೋಡ್ ಕೊಡುವ ಯೂನಿಕೋಡ್ ಎಲ್ಲ ಕಡೆ ಬರುವ ಮುಂಚೆ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದೆಲ್ಲ ಒಳಗೆ ಇಂಗ್ಲಿಷ್ ಅಕ್ಷರಗಳಾಗಿಯೇ ಉಳಿಯುತ್ತಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆ ಮೇಲೆ ಟೋಪಿ, ಗೀಟು ಇಟ್ಟುಕೊಂಡ ಇಂಗ್ಲಿಷ್ ಕಸ. 'ಅಡಿಕೆ' ಎನ್ನುವುದು ಅಲ್ಲಿ ದೊಡ್ಡ ಸಿ, ಚಿಕ್ಕ ಆರ್, ದೊಡ್ಡ ಪಿ, ಆಮೇಲೆ ತಲೆ ಮೇಲೆ ಗೀಟಿರುವ ದೊಡ್ಡ ಇ. ಅಷ್ಟೇ. ದೊಡ್ಡಕ್ಷರ, ಚಿಕ್ಕಕ್ಷರ ಒಂದೇ ಅಂತ ಹುಡುಕಿದರೂ ಕೆಟ್ಟಿರಿ, ಯಾಕೆಂದರೆ ನುಡಿಯಲ್ಲಿ ಅವೆರಡೂ ಬೇರೆ ಬೇರೆ ಕನ್ನಡ ಅಕ್ಷರ.

ಅದನ್ನೂ ಸರಿಮಾಡಿಕೊಂಡು ಟೇಬಲ್‌ಗಳನ್ನು ತೆರೆದೆ. ಈಗ ಹೊಸ ತಲೆನೋವು. ಡೇಟಾಬೇಸ್‌ನಲ್ಲಿರುವ ತೂಕಕ್ಕೂ ಪಾಲುದಾರರು ತಂದುಕೊಟ್ಟ ಮುದ್ರಿತ ಚೀಟಿಯ ತೂಕಕ್ಕೂ ತಾಳೆಯಾಗುತ್ತಿಲ್ಲ. ಪ್ರತಿ ಸಾಲಿನಲ್ಲೂ ಸ್ವಲ್ಪ ಸ್ವಲ್ಪ ವ್ಯತ್ಯಾಸ. ಒಬ್ಬರ ಆರೋಪವೂ ಅದೇ ಆಗಿತ್ತು: "ಲೆಕ್ಕ ತಿದ್ದಿದ್ದಾರೆ."

ಆಗ ಬೂಟ್ ಮಾಡಲು ಕೂತೆ.

ಕೆಲಸ ಹೇಳುವಷ್ಟು ಸುಲಭ ಅಲ್ಲ. ಇಮೇಜ್ ಇ01 ರೂಪದಲ್ಲಿ, ಅಂದರೆ ಒತ್ತಿ ಚಿಕ್ಕದು ಮಾಡಿ, ತುಂಡು ತುಂಡಾಗಿ ಇರುತ್ತದೆ. ಇಡಬ್ಲ್ಯೂಎಫ್‌ಮೌಂಟ್‌ನಂಥ ಟೂಲ್ ಅದನ್ನು ಇಡೀ ಡಿಸ್ಕ್‌ನಂತೆ ತೋರಿಸುತ್ತದೆ, ಓದಲು ಮಾತ್ರ. ಅದರ ಮೇಲೆ ಒಂದು ಓವರ್‌ಲೇ ಫೈಲ್. ಫೋಟೋ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೀಚಿದ ಹಾಗೆ. ವಿಂಡೋಸ್ ಎದ್ದ ಕೂಡಲೇ ರಿಜಿಸ್ಟ್ರಿ (ಅದರ ಸೆಟ್ಟಿಂಗ್‌ಗಳ ಕಡತ), ಇವೆಂಟ್ ಲಾಗ್, ಪ್ರಿಫೆಚ್ ಅಂತ ಕಂಡಕಂಡಲ್ಲಿ ಬರೆಯಲು ಶುರುಮಾಡುತ್ತದೆ. ಅದೆಲ್ಲ ಪೇಪರ್ ಮೇಲೆ ಉಳಿಯಬೇಕು, ಫೋಟೋಗೆ ತಾಗಬಾರದು.

ಮೊದಲ ಸಲ ನೀಲಿ ಪರದೆ, ಸ್ಟಾಪ್ ಕೋಡ್ 7ಬಿ. ಇದು ಬಂದರೆ ಇಮೇಜ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಡಿಸ್ಕ್ ಮೊದಲು ಒಂದು ಕಂಟ್ರೋಲರ್‌ಗೆ (ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಚಿಪ್‌ಗೆ) ಅಂಟಿಕೊಂಡಿತ್ತು, ಈಗ ಬೇರೆಯದರ ಮೇಲಿದೆ, ಈ ಹೊಸದನ್ನು ನಡೆಸುವ ಡ್ರೈವರ್ ತಂತ್ರಾಂಶ ಬೂಟ್ ಹೊತ್ತಿಗೆ ಏಳುತ್ತಿಲ್ಲ. ಓವರ್‌ಲೇಯಲ್ಲಿ ರಿಜಿಸ್ಟ್ರಿ ತೆರೆದು ಆ ಡ್ರೈವರ್‌ನ 'ಸ್ಟಾರ್ಟ್' ಬೆಲೆಯನ್ನು 0, ಅಂದರೆ ಬೂಟ್ ಹೊತ್ತಿಗೇ ಏಳು ಅಂತ, ಮಾಡಿದೆ. ಎದ್ದಿತು. ನೆಟ್‌ವರ್ಕ್ ಕಾರ್ಡ್ ಮೊದಲೇ ಕಿತ್ತಿದ್ದೆ. ಅದನ್ನು ಮರೆತರೆ ಎದ್ದ ಯಂತ್ರ ನೇರ ಹೋಗಿ ಯಾರದೋ ಮೇಲ್ ಇಳಿಸಿಕೊಳ್ಳಲು ಶುರುಮಾಡುತ್ತದೆ.

ಪಾಸ್‌ವರ್ಡ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಓವರ್‌ಲೇಯಲ್ಲಿ ಅದನ್ನು ಅಳಿಸಿ ಒಳಗೆ ಹೋಗಬಹುದು. ಆದರೆ ಬ್ರೌಸರ್ ಉಳಿಸಿಟ್ಟ ಗುಟ್ಟುಗಳು, ಇಎಫ್‌ಎಸ್ ಫೈಲ್‌ಗಳು (ವಿಂಡೋಸ್ ಬೀಗ ಹಾಕಿಟ್ಟ ಫೈಲ್‌ಗಳು) ಅಸಲಿ ಪಾಸ್‌ವರ್ಡ್ ಇಲ್ಲದೆ ತೆರೆಯುವುದಿಲ್ಲ. ಬಾಗಿಲು ಒಡೆದರೆ ಮನೆ ಸಿಗುತ್ತದೆ, ತಿಜೋರಿ ಸಿಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ಆಗಿ ಬಿಟ್‌ಲಾಕರ್ (ಇಡೀ ಡಿಸ್ಕ್‌ಗೆ ಹಾಕುವ ಬೀಗ) ಇದ್ದರಂತೂ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಏಕೆಂದರೆ ಆ ಬೀಗದ ಕೀ ಕಾಯುವ ಹಳೇ ಯಂತ್ರದ ಟಿಪಿಎಂ ಚಿಪ್ ಇಲ್ಲಿ ಇಲ್ಲ.

ಈಗ ನನ್ನ ಎಡವಟ್ಟು. ಪ್ರೋಗ್ರಾಂ ತೆರೆದೆ, ವರದಿ ಒತ್ತಿದೆ, ಖಾಲಿ. ಎಲ್ಲಾ ವರದಿಯೂ ಖಾಲಿ. 'ದತ್ತಾಂಶ ಅಳಿಸಲಾಗಿದೆ' ಅಂತ ನೋಟ್ಸ್‌ನಲ್ಲಿ ಬರೆದೇಬಿಟ್ಟೆ. ಟೀ ಕುಡಿದು ಬಂದು ನೋಡುತ್ತೇನೆ, ಪರದೆಯ ಮೂಲೆಯಲ್ಲಿ ಹೊಸ ಆರ್ಥಿಕ ವರ್ಷ! ಪ್ರೋಗ್ರಾಂ ಇವತ್ತಿನ ತಾರೀಖು ನೋಡಿ, ಹೊಸ ವರ್ಷದ ಖಾಲಿ ಪುಸ್ತಕ ತೆರೆದು ಕೂತಿತ್ತು. ವರ್ಚುವಲ್ ಮೆಷಿನ್ ಗಡಿಯಾರವನ್ನು ನನ್ನ ಕಂಪ್ಯೂಟರ್‌ನಿಂದ ತೆಗೆದುಕೊಂಡಿತ್ತು, ನಾನು ತಡೆದಿರಲಿಲ್ಲ. ಆ ಓವರ್‌ಲೇ ಬಿಸಾಕಿ, ಹೊಸದು ಮಾಡಿ, ಯಂತ್ರ ಕೊನೆಯದಾಗಿ ಬಳಕೆಯಾದ ದಿನಕ್ಕೆ ತಾರೀಖು ಇಟ್ಟು ಮತ್ತೆ ಬೂಟ್ ಮಾಡಿದೆ. ನೋಟ್ಸ್‌ನ ಆ ಸಾಲನ್ನು ಹರಿದು ಹಾಕಲಿಲ್ಲ. ಅಡ್ಡಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆದೆ.

ಈಗ ಲೆಕ್ಕ ಬಂತು. ಅಚ್ಚುಕಟ್ಟಾದ ಕನ್ನಡದಲ್ಲಿ, ಅವರ ಗುಮಾಸ್ತರು ದಿನಾ ನೋಡುತ್ತಿದ್ದ ಹಾಗೆಯೇ. ತೂಕಗಳು ಮುದ್ರಿತ ಚೀಟಿಗೆ ಸರಿಯಾಗಿ ಹೊಂದಿದವು. ಚೀಲದ ತೂಕ ಕಳೆಯುವ ಲೆಕ್ಕ ಯಾವ ಟೇಬಲ್‌ನಲ್ಲೂ ಇರಲಿಲ್ಲ, ಆ ಹುಡುಗ ಅದನ್ನು ಪ್ರೋಗ್ರಾಂ ಒಳಗೇ ಬರೆದಿದ್ದ. ಟೇಬಲ್‌ನಲ್ಲಿ ಒಟ್ಟು ತೂಕ, ಪರದೆ ಮೇಲೆ ನಿವ್ವಳ ತೂಕ. ಈ ವ್ಯತ್ಯಾಸದ ಮಟ್ಟಿಗೆ ಯಾರೂ ಏನೂ ತಿದ್ದಿರಲಿಲ್ಲ.

ಅದಕ್ಕೇ ನನ್ನ ವಾದ ಇಷ್ಟು. ಡಿಸ್ಕ್‌ನಲ್ಲಿ ಏನಿದೆ ಅಂತ ಟೂಲ್ ಹೇಳುತ್ತದೆ, ಆ ಮನುಷ್ಯನಿಗೆ ಏನು ಕಾಣುತ್ತಿತ್ತು ಅಂತ ಹೇಳುವುದಿಲ್ಲ. ಜಗಳ ಮಾತ್ರ ಯಾವಾಗಲೂ ಕಂಡದ್ದರ ಬಗ್ಗೆಯೇ ಇರುತ್ತದೆ, ಅಲ್ವಾ? ಹಾಗಂತ ಬೂಟ್ ಮಾಡಿ ತೆಗೆದ ಸ್ಕ್ರೀನ್‌ಶಾಟೇ ಸಾಕ್ಷ್ಯ ಎನ್ನುವವರ ಜೊತೆಗೂ ನಾನಿಲ್ಲ. ನಾನು ತಾರೀಖು ಬದಲಿಸಿದ್ದೇನೆ, ಡ್ರೈವರ್ ಬದಲಿಸಿದ್ದೇನೆ, ಪಾಸ್‌ವರ್ಡ್ ಅಳಿಸಿದ್ದೇನೆ. ಅದು ಸುಳಿವು. ಸುಳಿವು ಹಿಡಿದು ಮೂಲ ಇಮೇಜ್‌ಗೆ ವಾಪಸ್ ಹೋಗಿ, ಹತ್ತಾರು ಚೀಟಿಗಳ ಲೆಕ್ಕವನ್ನು ಕೈಯಲ್ಲೇ ಹಾಕಿ ತಾಳೆ ನೋಡಿದ ಮೇಲೆಯೇ ವರದಿಗೆ ಬರೆದದ್ದು. ಏನೇನು ಬದಲಿಸಿದೆ ಎನ್ನುವುದೂ ಅದರಲ್ಲೇ ಇದೆ.

ನಿಜವಾದ ಅಪಾಯ ವರ್ಚುವಲ್ ಬೂಟ್ ಅಲ್ಲ. "ಸುಮ್ನೆ ಒಂದ್ಸಲ ಆನ್ ಮಾಡಿ ನೋಡಿದೆ ಅಷ್ಟೇ ಸಾರ್" ಎನ್ನುವುದಿದೆಯಲ್ಲ, ಅದು. ಅಸಲಿ ಯಂತ್ರವನ್ನೇ ಆನ್ ಮಾಡಿ, ನಾಲ್ಕು ಫೋಲ್ಡರ್ ತೆರೆದು, ಆಮೇಲೆ ನಮ್ಮ ಹತ್ತಿರ ತರುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಸರ್ಟಿಫಿಕೇಟ್‌ನಲ್ಲಿ ಹ್ಯಾಷ್ ಬೆಲೆಯನ್ನೂ (ಒಳಗಿನ ದತ್ತಾಂಶದ ಬೆರಳಚ್ಚಿನಂಥ ಅಂಕಿ, ಚೂರು ಬದಲಾದರೂ ಇದೂ ಬದಲಾಗುತ್ತದೆ) ಬರೆಯಬೇಕು. ಆನ್ ಮಾಡಿ ಆಟ ಆಡಿದ ಮೇಲೆ ತೆಗೆದ ಹ್ಯಾಷ್ ಆ ಆಟಕ್ಕೂ ಸೇರಿದ ಹ್ಯಾಷ್ ಅಷ್ಟೇ.

ಕೆಲಸ ಮುಗಿದ ಮೇಲೆ ಇಮೇಜ್‌ನ ಹ್ಯಾಷ್ ಮತ್ತೊಮ್ಮೆ ತೆಗೆದೆ. ಮೊದಲ ದಿನದ್ದೇ ಬಂತು, ಒಂದಂಕಿಯೂ ಆಚೀಚೆ ಆಗಿರಲಿಲ್ಲ. ಅಂದಹಾಗೆ, ಮಂಡಿ ಲೆಕ್ಕದಲ್ಲಿ ಜಾಸ್ತಿ ಬರುವ ಪದಗಳನ್ನು ನುಡಿ ಕೋಡ್‌ಗೆ ಬದಲಿಸಿ ಒಂದು ಹುಡುಕುಪಟ್ಟಿ ಮಾಡಿಟ್ಟುಕೊಂಡಿದ್ದೇನೆ. ಈ ಕೆಲಸದಲ್ಲಿರುವವರಿಗೆ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.