ಸ್ಟೌಸ್ಕಾಸ್‌ಗೆ ತೆತ್ತ ಬೆಲೆ

"ಹಣ ಹಾಕುವವನು ಮಾಲೀಕ, ಆಟಗಾರನನ್ನು ಅವನೇ ಆರಿಸಿದರೆ ತಪ್ಪೇನು" ಎಂದು ತಂಡದ ಮಾಲೀಕರ ಪರ ಬರೆದ ಲೇಖನವೊಂದರಲ್ಲಿ ಲೇಖಕರು ಕೇಳಿದ್ದಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ 2014ರ ಕತೆ ನೋಡಿ. ಮುಂಬೈನಲ್ಲಿ ಹುಟ್ಟಿದ ಮಾಲೀಕ ವಿವೇಕ್ ರಣದಿವೆ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ನಡೆಯುವಾಗ ತಂಡದ ಕೋಣೆಯಲ್ಲೇ ಕೂತು ಸ್ಟೌಸ್ಕಾಸ್ ಎಂಬ ಆಟಗಾರನ ಹೆಸರು ಎತ್ತಿದ್ದು ವಿಡಿಯೊದಲ್ಲೇ ಇದೆ. ತಂಡ 8ನೇ ಸರದಿಯಲ್ಲಿ ನಿಕ್ ಸ್ಟೌಸ್ಕಾಸ್‌ನನ್ನೇ ತೆಗೆದುಕೊಂಡಿತು. ಹಿಂದಿನ ವರ್ಷವಷ್ಟೇ 7ನೇ ಸರದಿಯಲ್ಲಿ ಸ್ಟೌಸ್ಕಾಸ್ ಆಡುವ ಅದೇ ಶೂಟಿಂಗ್ ಗಾರ್ಡ್ (ದೂರದಿಂದ ಬುಟ್ಟಿಗೆ ಎಸೆಯುವವನ) ಸ್ಥಾನಕ್ಕೆ ಬೆನ್ ಮೆಕ್ಲೆಮೋರ್ ಬಂದಿದ್ದ! ಮುಂದೆ ತಾರೆಯಾದ ಜ್ಯಾಕ್ ಲವೀನ್ 13ನೇ ಸರದಿವರೆಗೂ ಉಳಿದಿದ್ದ.

ಮೊದಲ ಸುತ್ತಿನಲ್ಲಿ ಪ್ರತಿ ಆಯ್ಕೆಗೆ ಸಿಗುವುದು 5 ನಿಮಿಷ. ಅದಕ್ಕೇ ಸ್ಕೌಟ್‌ಗಳ (ಆಟಗಾರರನ್ನು ಹುಡುಕಿ ಅಳೆಯುವವರ) ವರದಿ, ವೈದ್ಯಕೀಯ ತಪಾಸಣೆ, ಸಂದರ್ಶನ ಎಲ್ಲ ಅಳೆದು ಪಟ್ಟಿಯನ್ನು ಮೊದಲೇ ಸಿದ್ಧಮಾಡಿರುತ್ತಾರೆ. ಆ ಕೋಣೆಯಲ್ಲಿ ಸಂಬಳ ಕೊಡುವವನೇ ಬಾಯಿ ಬಿಟ್ಟರೆ ಎದುರಾಡುವವರು ಯಾರು? ಮಾಲೀಕ ಮಾತಾಡಬೇಕಾದದ್ದು ಪಟ್ಟಿ ಅಂತಿಮವಾಗುವ ಮುನ್ನ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಒಂದೇ ವರ್ಷಕ್ಕೆ, 2015ರ ಜುಲೈನಲ್ಲಿ, ಲೀಗ್ ಹಾಕಿರುವ ಒಟ್ಟು ಸಂಬಳದ ಮಿತಿಯಲ್ಲಿ ಜಾಗ ಮಾಡಿಕೊಳ್ಳಲು ಸ್ಟೌಸ್ಕಾಸ್, ಲ್ಯಾಂಡ್ರಿ, ಥಾಂಪ್ಸನ್ ಮೂವರು ಆಟಗಾರರನ್ನೂ ಫಿಲಡೆಲ್ಫಿಯಾ ತಂಡಕ್ಕೆ ಸಾಗಹಾಕಿದರು. ಜತೆಗೆ 2019ರ ಮೊದಲ ಸುತ್ತಿನ ಆಯ್ಕೆ, ಮೇಲಿಂದ 2016 ಮತ್ತು 2017ರಲ್ಲಿ ಸರದಿ ಅದಲುಬದಲು ಮಾಡುವ ಹಕ್ಕನ್ನೂ ಅವರಿಗೆ ಕೊಟ್ಟರು. ಆ ಹಕ್ಕಿನಿಂದಲೇ 2017ರಲ್ಲಿ ಲಾಟರಿಯಲ್ಲಿ (ಮೊದಲ ಸರದಿಗಳು ಯಾರಿಗೆಂದು ಅದೃಷ್ಟದಿಂದ ತೀರ್ಮಾನಿಸುವ ಕ್ರಮದಲ್ಲಿ) ಕಿಂಗ್ಸ್‌ಗೆ ಬಂದ 3ನೇ ಸರದಿ ಕೈಜಾರಿ 5ಕ್ಕೆ ಇಳಿಯಿತು. 5ರಲ್ಲಿ ಡಿಆರನ್ ಫಾಕ್ಸ್ ಸಿಕ್ಕಿದ್ದು ಪುಣ್ಯ. ಆ 3ನೇ ಸರದಿ ಫಿಲಡೆಲ್ಫಿಯಾ ಮೂಲಕ ಬಾಸ್ಟನ್‌ಗೆ ಹೋಯಿತು, ಅವರು ಮುಂದೆ ದೊಡ್ಡ ತಾರೆಯಾದ ಜೇಸನ್ ಟೇಟಮ್‌ನನ್ನು ಆರಿಸಿಕೊಂಡರು.