ಶೇಯ್ ವೆಬರ್‌ನನ್ನು ನ್ಯಾಶ್‌ವಿಲ್ ಬಿಟ್ಟುಕೊಡದಿದ್ದದ್ದೇ ಸರಿ

ಐಸ್ ಹಾಕಿ ನೋಡುವವರ ಜೊತೆ ಮಾತಿಗೆ ಕೂತರೆ ಈ ಜಗಳ ಬಂದೇ ಬರುತ್ತದೆ. 2012ರಲ್ಲಿ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ನ್ಯಾಶ್‌ವಿಲ್ ಪ್ರೆಡೇಟರ್ಸ್ ತಂಡ ಶೇಯ್ ವೆಬರ್ ಅನ್ನುವ ಒಬ್ಬ ಡಿಫೆನ್ಸ್ ಆಟಗಾರನಿಗೆ 11 ಕೋಟಿ ಡಾಲರ್ ಒಪ್ಪಿಕೊಂಡಿದ್ದು ದುಡುಕು ಅಂತ ತುಂಬಾ ಜನ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಆಸಾಮಿ ಎಂಥವನು ಅಂತ ಹೇಳಬೇಕು. 2010ರ ವ್ಯಾಂಕೂವರ್ ಒಲಿಂಪಿಕ್ಸ್, ಕೆನಡಾ ಮತ್ತು ಜರ್ಮನಿ ಪಂದ್ಯ. ವೆಬರ್ ದೂರದಿಂದ ಸ್ಲ್ಯಾಪ್‌ಶಾಟ್, ಅಂದರೆ ಕೋಲು ಹಿಂದಕ್ಕೆತ್ತಿ ಜೋರಾಗಿ ಹೊಡೆಯುವ ಹೊಡೆತ, ಬಾರಿಸಿದ. ಗೋಲು ಅಂತ ಯಾರೂ ಕೈ ಎತ್ತಲಿಲ್ಲ, ಆಟ ಮುಂದುವರಿಯಿತು. ಆಮೇಲೆ ವಿಡಿಯೊ ನೋಡಿದರೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಗೋಲಿನ ಬಲೆಯನ್ನೇ ತೂರಿಕೊಂಡು ಆಚೆ ಹೋಗಿತ್ತು! ಗೋಲು ಕೊಟ್ಟರು. ಆ ತುಣುಕನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಬಲೆಯ ಹತ್ತಿರ ಬರುವಾಗ ಪಕ್ ಕಣ್ಣಿಗೆ ಸಿಗುವುದೇ ಇಲ್ಲ.

ಅದೇ ವರ್ಷ ಅವನು ಪ್ರೆಡೇಟರ್ಸ್ ಕ್ಯಾಪ್ಟನ್ ಆದ.

ಇನ್ನು 2012ರ ಜುಲೈ. 4ನೇ ತಾರೀಕು ವೆಬರ್‌ನ ಜೋಡಿ ಆಟಗಾರ ರಯಾನ್ ಸೂಟರ್ ಮಿನೆಸೋಟ ವೈಲ್ಡ್ ತಂಡಕ್ಕೆ ಹೋದ. 13 ವರ್ಷ, 9.8 ಕೋಟಿ ಡಾಲರ್. ಅವನ ಒಪ್ಪಂದ ಮುಗಿದಿತ್ತು, ಹಾಗಾಗಿ ನ್ಯಾಶ್‌ವಿಲ್‌ಗೆ ಬದಲಿಗೆ ಏನೂ ಸಿಗಲಿಲ್ಲ. ಆ ಗಾಯ ಹಸಿಯಾಗಿರುವಾಗಲೇ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ ವೆಬರ್ ಮುಂದೆ ಆಫರ್ ಶೀಟ್, ಅಂದರೆ ಬೇರೆ ತಂಡದ ಆಟಗಾರನನ್ನು ಕರೆಯುವ ಒಪ್ಪಂದದ ಕಾಗದ, ಇಟ್ಟಿತು. 14 ವರ್ಷ, 11 ಕೋಟಿ. ವೆಬರ್ ಸಹಿಯನ್ನೂ ಹಾಕಿದ. ನಿಯಮದ ಪ್ರಕಾರ ನ್ಯಾಶ್‌ವಿಲ್ ಮುಂದೆ 7 ದಿನ ಇತ್ತು. ಅಷ್ಟೇ ಹಣಕ್ಕೆ ಒಪ್ಪಿ ಉಳಿಸಿಕೊಳ್ಳಬೇಕು, ಇಲ್ಲವೇ ಫ್ಲೈಯರ್ಸ್‌ನ 4 ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸುವ ಸರದಿ) ತೆಗೆದುಕೊಂಡು ಸುಮ್ನೆ ಬಿಟ್ಟುಬಿಡಬೇಕು.

ಆ ಆಫರ್ ಅನ್ನು ಹೆಣೆದ ರೀತಿ ನೋಡಿ. ಹಣವನ್ನೆಲ್ಲ ಮುಂದಕ್ಕೆ ತುರುಕಿದ್ದರು. ಮೊದಲ 4 ವರ್ಷಕ್ಕೇ 5.6 ಕೋಟಿ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬೋನಸ್. ಮೊದಲ 12 ತಿಂಗಳೊಳಗೆ ಎರಡು ಸಲ 1.3 ಕೋಟಿ ಎಣಿಸಬೇಕು. ಲೀಗ್‌ನಲ್ಲಿ ಲಾಕ್‌ಔಟ್, ಅಂದರೆ ಮಾಲೀಕರೇ ಆಟ ನಿಲ್ಲಿಸುವುದು, ಬರುವ ಸೂಚನೆ ಇತ್ತು, ಬಂದೂ ಬಂತು. ಪಂದ್ಯ ನಡೆಯದಿದ್ದರೂ ಬೋನಸ್ ಕೊಡಲೇಬೇಕು. ಫ್ಲೈಯರ್ಸ್ ಹಿಂದೆ ಕಾಮ್‌ಕಾಸ್ಟ್‌ನಂಥ ದೊಡ್ಡ ಕಂಪನಿ ಇತ್ತು. ನ್ಯಾಶ್‌ವಿಲ್ ಕೈಯಲ್ಲಿ ಇಷ್ಟು ಆಗಲಿಕ್ಕಿಲ್ಲ ಅನ್ನುವುದೇ ಆ ಕಾಗದದ ಲೆಕ್ಕಾಚಾರ. ನನಗೆ ಸಿಟ್ಟು ಬರುವುದು ಇಲ್ಲೇ.

ಯಾಕೆಂದರೆ ಆ ಊರು ಅದಕ್ಕೆ 5 ವರ್ಷ ಮುಂಚೆ ತನ್ನ ತಂಡವನ್ನೇ ಕಳೆದುಕೊಳ್ಳುವುದರಲ್ಲಿತ್ತು. 2007ರಲ್ಲಿ ಆಗಿನ ಮಾಲೀಕ ಕ್ರೇಗ್ ಲೈಪೋಲ್ಡ್ ತಂಡವನ್ನು ಕೆನಡಾದ ಜಿಮ್ ಬಾಲ್ಸಿಲಿಗೆ ಮಾರಲು ಹೊರಟಿದ್ದರು. ವ್ಯವಹಾರ ಮುಗಿಯುವ ಮೊದಲೇ ಬಾಲ್ಸಿಲಿ, ತಂಡವನ್ನು ಅಲ್ಲಿಗೆ ಒಯ್ಯುವ ಲೆಕ್ಕದಲ್ಲಿ, ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಸೀಸನ್ ಟಿಕೆಟ್‌ಗೆ ಮುಂಗಡ ತೆಗೆದುಕೊಳ್ಳಲು ಶುರು ಮಾಡಿದರು. ನ್ಯಾಶ್‌ವಿಲ್ ಜನ ಅರೀನಾದಲ್ಲಿ ಸೇರಿ, ಟಿಕೆಟ್ ಕೊಂಡು, ತಂಡ ನಮ್ಮದು ಅಂತ ಪಟ್ಟು ಹಿಡಿದರು. ಕೊನೆಗೆ ಬಹುಪಾಲು ಊರಿನವರೇ ಇದ್ದ ಒಂದು ಗುಂಪು ತಂಡವನ್ನು ಕೊಂಡಿತು. ಲೈಪೋಲ್ಡ್ ಹೋಗಿ ಯಾವ ತಂಡ ಕೊಂಡರು ಗೊತ್ತಾ? ಮಿನೆಸೋಟ. ಸೂಟರ್‌ನನ್ನು ಎಳೆದುಕೊಂಡ ಅದೇ ಮಿನೆಸೋಟ.

ಇಷ್ಟಾದ ಮೇಲೆ, ಮೂರೇ ವಾರದಲ್ಲಿ ಕ್ಯಾಪ್ಟನ್‌ನನ್ನೂ ಕಳಿಸಿದ್ದರೆ ಆ ಟಿಕೆಟ್ ಕೊಂಡವರಿಗೆ ಏನು ಮುಖ ತೋರಿಸುತ್ತಿದ್ದರು? ನೀವು ಕಾಸು ಹಾಕಿ, ನಾವು ಹುಡುಗರನ್ನು ಬೆಳೆಸಿ, ಬೆಳೆದ ಮೇಲೆ ದುಡ್ಡಿದ್ದವರ ಮನೆಗೆ ಕಳಿಸುತ್ತೇವೆ ಅಂತಲಾ?

4 ಪಿಕ್ ಸಿಗುತ್ತಿತ್ತಲ್ಲ ಅನ್ನುತ್ತಾರೆ. ವೆಬರ್ ಸೇರಿದ ಫ್ಲೈಯರ್ಸ್ ಚೆನ್ನಾಗಿಯೇ ಆಡುತ್ತದೆ, ಚೆನ್ನಾಗಿ ಆಡಿದ ತಂಡದ ಸರದಿ ತಡವಾಗಿ ಬರುವುದರಿಂದ ಆ ಪಿಕ್‌ಗಳು ಸುತ್ತಿನ ಕೊನೆಗೆ ಬರುತ್ತವೆ ಅಂತಲೇ ಅಂದಾಜು ಮಾಡಬೇಕಿತ್ತು. ಪಿಕ್ ಅಂದರೆ ಅಷ್ಟಕ್ಕೂ 18 ವರ್ಷದ ಹುಡುಗನ ಮೇಲೆ ಕಟ್ಟುವ ಬಾಜಿ. ವೆಬರ್‌ನೇ 2003ರಲ್ಲಿ ಆಯ್ಕೆಯಾದದ್ದು 49ನೆಯವನಾಗಿ. ಅವನಿಗಿಂತ ಮುಂಚೆ 48 ಹುಡುಗರ ಹೆಸರು ಕರೆದಿದ್ದರು!

ಇನ್ನೊಂದು ಮಾತು ನನಗೂ ಚುಚ್ಚುತ್ತದೆ. ಸಹಿ ಹಾಕಿದ್ದು ವೆಬರ್ ತಾನೇ? ಹೋಗಲು ಮನಸ್ಸು ಮಾಡಿದವನನ್ನು ಹಿಡಿದಿಟ್ಟುಕೊಳ್ಳುವುದು ಯಾಕೆ? ನಿಜ, ಅಭಿಮಾನಿಗಳಿಗೆ ಅದು ನೋವೇ. ಆದರೆ ಜುಲೈ 24ಕ್ಕೆ ನ್ಯಾಶ್‌ವಿಲ್ ಪೂರ್ತಿ ಮೊತ್ತಕ್ಕೆ ಒಪ್ಪಿಕೊಂಡ ಮೇಲೆ ಅವನು ಕ್ಯಾಪ್ಟನ್ ಆಗಿಯೇ ಇನ್ನೂ 4 ಸೀಸನ್ ಆಡಿದ. ಸೂಟರ್ ಬಿಟ್ಟುಹೋದ ಜಾಗಕ್ಕೆ ರೋಮನ್ ಜೋಸಿ ಅನ್ನುವ ಹುಡುಗ ಬಂದು ಅವನ ಪಕ್ಕದಲ್ಲಿ ಪಳಗಿದ. ಮುಂದೆ ಜೋಸಿಯೇ ಕ್ಯಾಪ್ಟನ್ ಆದ, 2020ರಲ್ಲಿ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಗೆದ್ದ.

2016ರಲ್ಲಿ ವೆಬರ್‌ನನ್ನು ಮಾಂಟ್ರಿಯಲ್ ತಂಡಕ್ಕೆ ಕೊಟ್ಟು ಅಲ್ಲಿನ ಡಿಫೆನ್ಸ್ ಆಟಗಾರ ಪಿ.ಕೆ. ಸುಬಾನ್‌ನನ್ನು ತಂದರು, ಒಬ್ಬನಿಗೆ ಒಬ್ಬ. ಆ ದಿನ ನನಗೆ ಬೇಜಾರಾಗಿತ್ತು. ಮರುವರ್ಷವೇ ನ್ಯಾಶ್‌ವಿಲ್ ಮೊದಲ ಸಲ ಲೀಗ್‌ನ ಕಿರೀಟವಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ತಲುಪಿತು. ಪಿಟ್ಸ್‌ಬರ್ಗ್ ಎದುರು 6 ಪಂದ್ಯಗಳಲ್ಲಿ ಸೋತಿತು, ಆದರೂ ಅರೀನಾ ಹೊರಗಿನ ಬ್ರಾಡ್‌ವೇ ರಸ್ತೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ವೆಬರ್‌ನನ್ನು 2012ರಲ್ಲೇ ಬಿಟ್ಟಿದ್ದರೆ ಸುಬಾನ್‌ಗೆ ಬದಲಾಗಿ ಯಾರನ್ನು ಕೊಡುತ್ತಿದ್ದರು?

ಆ 7 ದಿನ ತಂಡದ ಜನರಲ್ ಮ್ಯಾನೇಜರ್ ಆಗಿದ್ದವರು ಡೇವಿಡ್ ಪಾಯ್ಲ್. 2024ರಲ್ಲಿ ವೆಬರ್ ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್ ಸೇರಿದ. ಆ ವರ್ಷದ ಪಟ್ಟಿಯಲ್ಲಿ ಪಾಯ್ಲ್ ಹೆಸರೂ ಇತ್ತು. ಇಬ್ಬರೂ ಒಟ್ಟಿಗೇ ಒಳಗೆ ಹೋದರು.